ಮಣಿಕಟ್ಟಿನ ಪರಿಗ್ರಹ

2016ನೆಯ ಇಸವಿಯ ಮೊದಲ ಮೂರು ತಿಂಗಳುಗಳಲ್ಲಿ ಕರ್ನಾಟಕವು ಕೈಗಡಿಯಾರಕ್ಕೆ ಸಂಬಂಧಿಸಿದ ಎರಡು ಸಂಗತಿಗಳನ್ನು ಕಂಡಿತು. ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಒಪ್ಪಿಗೆಯಿತ್ತಿತು. ಫೆಬ್ರವರಿಯಲ್ಲಿ, ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಧರಿಸುತ್ತಿದ್ದ ಸ್ವಿಟ್ಜರ್ಲೆಂಡಿನ ಹುಬ್ಲೋ ಗಡಿಯಾರದ ಬೆಲೆ ಸುಮಾರು 70 ಲಕ್ಷ ರೂಪಾಯಿ ಎಂದು ವಿರೋಧ ಪಕ್ಷಗಳು ಆಪಾದಿಸಿದವು. ಅದು ವಿದೇಶದಲ್ಲಿರುವ ಸ್ನೇಹಿತರ ಉಡುಗೊರೆ ಎಂದು ಹೇಳಿದ ಅವರು ಮಾರ್ಚ್ 2ರಂದು ಅದನ್ನು ವಿಧಾನಸಭಾಧ್ಯಕ್ಷರಿಗೆ ಒಪ್ಪಿಸಿದರು. ಯಾರು ಕೊಟ್ಟರು, ಏಕೆ ಕೊಟ್ಟರು, ತೆರಿಗೆ ಸಂದಾಯವಾಯಿತೇ ಎಂಬ ಪ್ರಶ್ನೆಗಳ ಗದ್ದಲದಲ್ಲಿ ಒಂದು ಪ್ರಶ್ನೆ ಮಾತ್ರ ಉಳಿದುಹೋಯಿತು. ನ್ಯಾಯವಾಗಿ ದುಡಿದ, ತೆರಿಗೆ ತೆತ್ತ ಹಣದಿಂದ ಒಬ್ಬ ಗೃಹಸ್ಥನು ಅಂಥದೇ ಗಡಿಯಾರವನ್ನು ಕೊಂಡು, ಮನೆಯಲ್ಲಿ ಆಗಲೇ ಇರುವ ಹತ್ತರ ಜೊತೆಗೆ ಹನ್ನೊಂದನೆಯದಾಗಿ ಇಟ್ಟುಕೊಂಡರೆ ಕೇಳುವುದೇನೂ ಇಲ್ಲವೇ? ಸರ್ಕಾರದ ಮಟ್ಟಿಗೆ ಇಲ್ಲ. ಶ್ರಾವಕಾಚಾರದ ವಿಚಾರಣೆ ಅಲ್ಲಿಂದಲೇ ಆರಂಭವಾಗುತ್ತದೆ.

ಬೆಂಗಳೂರಿನ ಎಚ್.ಎಂ.ಟಿ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಕೈಗಡಿಯಾರಗಳ ತಯಾರಿಕೆಗೆ ತೊಡಗಿತು. ಜನತಾ, ಪೈಲಟ್, ಕೊಹಿನೂರ್, ಸೋನಾ ಎಂಬ ಹೆಸರುಗಳು ಒಂದು ತಲೆಮಾರಿಗೆ ಬಾಯಿಪಾಠವಾಗಿದ್ದವು. ಕಮಲಾಪುರ, ಕಲಬುರಗಿಗಳ ಅಡತಿ ಅಂಗಡಿಯ ಗಾದಿಯ ಮೇಲೆ ಬೆಳಿಗ್ಗೆ ಗಡಿಯಾರಕ್ಕೆ ಚಾವಿ ಕೊಟ್ಟ ನಂತರವೇ ರೋಜಕೀರ್ದಿ ತೆರೆಯುವ ಹಿರಿಯರಿಗೆ ಆಯುಷ್ಯಕ್ಕೆ ಒಂದೇ ಗಡಿಯಾರ ಸಾಕಾಗುತ್ತಿತ್ತು. ಆದರೆ ಆ ಕಾಲವನ್ನು ಸುಮ್ಮನೆ ಹೊಗಳುವುದೂ ಸಲ್ಲದು. ಕಾಂಚನ್ ಎಂಬ ಮಾದರಿಗೆ ಪೂರೈಕೆಗಿಂತ ಬೇಡಿಕೆ ಹೆಚ್ಚಿದಾಗ ಅದು ನಿಗದಿತ ಬೆಲೆಯನ್ನು ಮೀರಿ ಮಾರಾಟವಾಯಿತು. ವರದಕ್ಷಿಣೆಯ ಪಟ್ಟಿಯಲ್ಲಿ ಹೆಸರು ಹಿಡಿದು ಕೇಳುವ ವಸ್ತುವೂ ಆಯಿತು. ಬಹುಕಾಲ ಬಯಸಿದ ಗಡಿಯಾರವೊಂದು ವರನ ಕೈಯನ್ನು ಅಲಂಕರಿಸಿದಾಗ, ಅದರ ಸಾಲ ಎಷ್ಟೋ ವೇಳೆ ಕನ್ಯಾಪಿತೃವಿನ ಖಾತೆಯಲ್ಲಿ ನಿಲ್ಲುತ್ತಿತ್ತು.

ಶ್ರಾವಕನಿಗೆ ಕಾಲದ ಅಳತೆ ಬೇಕೇ ಬೇಕು. ಸಾಮಾಯಿಕಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ. ಭೋಜನ ಸೂರ್ಯಾಸ್ತಕ್ಕೆ ಮೊದಲು. ತಳದಲ್ಲಿ ಸಣ್ಣ ರಂಧ್ರವಿದ್ದ ತಾಮ್ರದ ಘಳಿಗೆ ಬಟ್ಟಲು ನೀರಿನಲ್ಲಿ ಮುಳುಗುವುದನ್ನು ನೋಡಿ ಹಿಂದಿನವರು ಈ ಕೆಲಸವನ್ನು ನಡೆಸಿದರು. ಒಂದು ಮುಹೂರ್ತಕ್ಕೆ 77 ಲವ, ಲವಕ್ಕೆ 7 ಸ್ತೋಕ, ಸ್ತೋಕಕ್ಕೆ 7 ಉಚ್ಛ್ವಾಸ ಎಂದು ಲೆಕ್ಕ ಹಾಕಿ, 3773 ಉಸಿರುಗಳಲ್ಲಿ ಮುಹೂರ್ತವನ್ನು ಅಳೆದ ಆಗಮದ ಗಣಿತಕ್ಕೆ ಯಂತ್ರದ ಹಂಗೂ ಇರಲಿಲ್ಲ. ಇಂದು ಈ ಅಗತ್ಯವನ್ನು ಕೆಲವು ನೂರು ರೂಪಾಯಿಯ ಸ್ಫಟಿಕ ಗಡಿಯಾರ ಪೂರೈಸುತ್ತದೆ. 1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಸಂಸ್ಥೆ ಮೊದಲ ಬಾರಿಗೆ ಮಾರುಕಟ್ಟೆಗೆ ತಂದ ಈ ಬಗೆಯ ಗಡಿಯಾರ ಸಾಮಾನ್ಯವಾಗಿ ತಿಂಗಳಿಗೆ ಹದಿನೈದು ಸೆಕೆಂಡುಗಳಷ್ಟು ಹೆಚ್ಚುಕಡಿಮೆಯಾಗಬಹುದು. ಲಕ್ಷಗಟ್ಟಲೆ ಬೆಲೆಯ ಸ್ವಿಸ್ ಯಾಂತ್ರಿಕ ಗಡಿಯಾರಕ್ಕೆ ಕಾಲಮಾಪಕವೆಂಬ ಪ್ರಮಾಣಪತ್ರ ದೊರೆಯಲು ದಿನಕ್ಕೆ ನಾಲ್ಕು ಸೆಕೆಂಡು ಹಿಂದೆ, ಆರು ಸೆಕೆಂಡು ಮುಂದೆ ಎಂಬ ಮಿತಿಯೊಳಗಿದ್ದರೆ ಸಾಕು. ತಿಂಗಳಿಗೆ ಅದು ಮೂರು ನಿಮಿಷದವರೆಗೆ ಮುಂದೋಡಬಹುದು. ತೆತ್ತ ಹಣ ಕಾಲವನ್ನು ತಿಳಿಯುವುದಕ್ಕಾಗಿ ಅಲ್ಲವೆಂಬುದು ಇಷ್ಟರಿಂದಲೇ ಸಿದ್ಧವಾಗುತ್ತದೆ.

ಸಂಗ್ರಾಹಕರು ಇದನ್ನು ಅಲ್ಲಗಳೆಯುವುದಿಲ್ಲ. ತಾವು ಮೆಚ್ಚುವುದು ಕರಕೌಶಲವನ್ನು ಎನ್ನುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ಕೂದಲೆಳೆಯಂಥ ಸುರುಳಿ, ಕಣ್ಣಿಗೆ ಕಾಣದಷ್ಟು ಸಣ್ಣ ಮಾಣಿಕ್ಯದ ಆಸರೆ, ಕೈಯಿಂದಲೇ ಹೊಳಪಿಟ್ಟ ಚಕ್ರ, ಇವೆಲ್ಲ ಶಿಲ್ಪಿಯ ಕೆಲಸಕ್ಕೆ ಕಡಿಮೆಯಲ್ಲ. ನಿಂತುಹೋದ ಹಳೆಯ ಜನತಾ ಗಡಿಯಾರವನ್ನು ರಿಪೇರಿ ಮಾಡಿಸಿ ಕಟ್ಟಿಕೊಳ್ಳುವವನ ಅಭಿರುಚಿಯನ್ನು ಯಾರೂ ಆಕ್ಷೇಪಿಸಲಾರರು. ಆದರೆ ಕೌಶಲವನ್ನು ಮೆಚ್ಚಲು ಅದನ್ನು ಮನೆಗೆ ತಂದು ಬೀಗ ಹಾಕಬೇಕೆಂಬ ನಿಯಮ ಎಲ್ಲಿದೆ? ಶ್ರವಣಬೆಳಗೊಳದ ಗೊಮ್ಮಟನನ್ನು ಮೆಚ್ಚಿದ ಯಾರೂ ಅದನ್ನು ಕೊಂಡುಕೊಳ್ಳಲು ಹೊರಟಿಲ್ಲ. ಇನ್ನೊಂದು ಸಂಗತಿಯನ್ನೂ ನೋಡಬೇಕು. ಕೈಯ ಚಲನೆಯಿಂದಲೇ ಚಾವಿ ತುಂಬಿಕೊಳ್ಳುವ ಗಡಿಯಾರವು ಧರಿಸದಿದ್ದರೆ ಕೆಲವು ದಿನಗಳಲ್ಲಿ ನಿಲ್ಲುತ್ತದೆ. ಹತ್ತು ಗಡಿಯಾರಗಳಿದ್ದವನಿಗೆ ಕೈ ಎರಡೇ. ಆದ್ದರಿಂದ ಧರಿಸದ ಗಡಿಯಾರಗಳನ್ನು ತಿರುಗಿಸುತ್ತಲೇ ಇರುವ ವಿದ್ಯುತ್ ಪೆಟ್ಟಿಗೆಗಳು ಮಾರಾಟಕ್ಕೆ ಬಂದಿವೆ! ಯಾರೂ ನೋಡದ ಕಾಲವನ್ನು ಕತ್ತಲ ಕಪಾಟಿನಲ್ಲಿ ತೋರಿಸುತ್ತಿರಲು ಯಂತ್ರಕ್ಕೊಂದು ಯಂತ್ರ ಊಳಿಗ ಮಾಡುತ್ತದೆ. ಉಮಾಸ್ವಾಮಿಗಳು ಪರಿಗ್ರಹವನ್ನು ವಿವರಿಸಲು ಮೂರ್ಛೆ ಎಂಬ ಪದವನ್ನೇ ಏಕೆ ಆರಿಸಿದರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಸಿಗಲಾರದು.

ಹೂಡಿಕೆಯ ವಾದವನ್ನು ವ್ಯಾಪಾರಸ್ಥರ ಮುಂದೆ ಸ್ವಲ್ಪ ಬಿಡಿಸಿ ಹೇಳಬೇಕು. ಇಂಥ ಗಡಿಯಾರದ ಬೆಲೆ ಏರುತ್ತಲೇ ಇರುತ್ತದೆ, ಆದ್ದರಿಂದ ಇದು ಖರ್ಚಲ್ಲ ಎನ್ನುತ್ತಾರೆ. ಪ್ರಸಿದ್ಧ ಕಂಪನಿಗಳ ಕೆಲವು ಮಾದರಿಗಳು ಮರುಮಾರಾಟದಲ್ಲಿ ಮೂಲ ಬೆಲೆಗಿಂತ ಹೆಚ್ಚು ತಂದದ್ದು ನಿಜ. 2022ರಲ್ಲಿ ತುದಿ ಮುಟ್ಟಿದ ಆ ದರಗಳು ಅನಂತರ ಇಳಿದದ್ದೂ ನಿಜ. ಲಾಭನಷ್ಟಕ್ಕಿಂತ ಮುಖ್ಯವಾದದ್ದು ಖಾತೆಯ ಪ್ರಶ್ನೆ. ಪರಿಗ್ರಹ ಪರಿಮಾಣ ವ್ರತದಲ್ಲಿ ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ, ಪಾತ್ರೆ ಬಟ್ಟೆಗಳಿಗೆ ಬೇರೆಬೇರೆ ಮಿತಿ ಇಟ್ಟುಕೊಳ್ಳುವುದುಂಟು. ಗಡಿಯಾರ ಯಾವ ಖಾತೆಯದು? ವ್ರತ ಹಿಡಿಯುವಾಗ ಅದನ್ನು ಬಟ್ಟೆಬರೆಯ ಸಾಲಿಗೆ ಸೇರಿಸಿ, ಮನೆಯವರು ಬೆಲೆ ಕೇಳಿದಾಗ ಬಂಗಾರದ ಸಾಲಿಗೆ ಸರಿಸಿ, ತೆರಿಗೆಯವರು ಕೇಳಿದಾಗ ಮತ್ತೆ ಬಟ್ಟೆಬರೆಗೆ ತರುವವನ ಕೀರ್ದಿಯನ್ನು ಯಾವ ಮುನೀಮನೂ ಒಪ್ಪಲಾರ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತದ ಅತಿಚಾರಗಳನ್ನು ಎಣಿಸುವಾಗ ಅತಿಸಂಗ್ರಹದ ಜೊತೆಗೆ ವಿಸ್ಮಯವನ್ನೂ ಹೇಳುತ್ತಾರೆ. ಪರರ ವೈಭವ ಕಂಡು ಬೆರಗಾಗುವುದೂ ವ್ರತವನ್ನು ಸಡಿಲಿಸುತ್ತದೆಂದು ಅದನ್ನು ವಿವರಿಸುವುದುಂಟು. ಕಂಪನಿಗಳು ಗಿರಾಕಿಯನ್ನು ವರ್ಷಗಟ್ಟಲೆ ಸರದಿಯಲ್ಲಿ ಕಾಯಿಸುವುದು ಈ ಬೆರಗನ್ನು ಬೆಳೆಸುವುದಕ್ಕೇ. ಕಾಂಚನ್‌ನ ಅಭಾವ ಕಾರ್ಖಾನೆಯ ಅಶಕ್ತಿಯಿಂದ ಬಂದದ್ದು; ಇಲ್ಲಿಯ ಅಭಾವ ಹೆಚ್ಚಿನ ಪಾಲು ಉದ್ದೇಶಪೂರ್ವಕವಾದದ್ದು.

ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ಅಮೋಘವರ್ಷನಿಗೆ ಗುರುಗಳಾಗಿದ್ದ ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಒಂದು ಪ್ರಸಂಗವಿದೆ. ಷಟ್ಖಂಡಗಳನ್ನು ಗೆದ್ದ ಭರತ ತನ್ನ ಹೆಸರನ್ನು ಕೆತ್ತಿಸಲು ವೃಷಭಾಚಲಕ್ಕೆ ಹೋದರೆ, ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ತುಂಬಿದ ಆ ಬಂಡೆಯಲ್ಲಿ ಸ್ಥಳವೇ ಇಲ್ಲ. ಒಬ್ಬರ ಹೆಸರನ್ನು ಅಳಿಸಿ ತನ್ನದನ್ನು ಬರೆಯಬೇಕಾಗುತ್ತದೆ. ಗಡಿಯಾರದ ಬೆನ್ನಿನ ಮೇಲೆ ‘ನೂರರಲ್ಲಿ ಇಷ್ಟನೆಯದು’ ಎಂದು ಕೆತ್ತಿದ ಸಂಖ್ಯೆಯನ್ನು ಅತಿಥಿಗಳಿಗೆ ತಿರುಗಿಸಿ ತೋರಿಸುವ ಶ್ರೀಮಂತರು ಈ ಪ್ರಸಂಗವನ್ನು ಪ್ರವಚನದಲ್ಲಿ ಕೇಳಿರಲೇಬೇಕು. ಕಮಲಾಪುರದ ಕೆಂಬಾಳೆಯೂ ದುಬಾರಿ ಹಣ್ಣೇ. ಆದರೆ ಗೊನೆ ಮಾಗಿದ ಮೇಲೆ ಹಂಚದೆ ವಿಧಿಯಿಲ್ಲ, ಅದನ್ನು ಯಾರೂ ಸಂಗ್ರಹಿಸಲಾರರು.

ಕೊನೆಯದಾಗಿ ಅಹಿಂಸೆಯ ದೃಷ್ಟಿಯಿಂದ ಒಂದು ಮಾತು. ಹಲವು ದುಬಾರಿ ಗಡಿಯಾರಗಳ ಪಟ್ಟಿ ಕರುವಿನ ಅಥವಾ ಮೊಸಳೆಯ ಚರ್ಮದ್ದು. ಬಸದಿಯ ಬಾಗಿಲಲ್ಲಿ ಚರ್ಮದ ಚಪ್ಪಲಿಯನ್ನೂ ಸೊಂಟದ ಬೆಲ್ಟನ್ನೂ ಕಳಚಿಸುವ ಟ್ರಸ್ಟಿನವರು ಮಣಿಕಟ್ಟನ್ನು ನೋಡುವುದು ಅಪರೂಪ. ಅದೇ ಕೈಯಿಂದ ಅಭಿಷೇಕದ ಕಲಶ ಎತ್ತುವವರು ಲೋಹದ ಅಥವಾ ಬಟ್ಟೆಯ ಪಟ್ಟಿಯನ್ನು ಕೇಳಿ ಪಡೆಯಬಹುದು, ಅಂಗಡಿಯಲ್ಲಿ ಸಿಗುತ್ತದೆ.