ಲೂಕಸ್ ಮೇಲಿನ ಅಪವಾದ, ಎಲ್‌ಇಡಿ ಮೇಲಿನ ನಂಬಿಕೆ

ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಹೆಡ್‌ಲೈಟ್ ಮಂಕಾದರೆ ಎರಡು ಮಾತು ಸಿದ್ಧವಾಗಿರುತ್ತವೆ. ತಪ್ಪು ಕಾರಿನ ವಿದ್ಯುತ್ ಭಾಗಗಳನ್ನು ಒದಗಿಸಿದ ಲೂಕಸ್ ಕಂಪನಿಯದು ಎಂಬುದು ಮೊದಲನೆಯದು. ಎಲ್‌ಇಡಿ ಬಲ್ಬ್ ಹಾಕಿಸಿದರೆ ಸರಿಹೋಗುತ್ತದೆ ಎಂಬುದು ಎರಡನೆಯದು. ಲೂಕಸ್‌ನ ಸ್ಥಾಪಕನಿಗೆ ‘ಕತ್ತಲೆಯ ರಾಜಕುಮಾರ’ ಎಂಬ ಬಿರುದು ಅಂಟಿ ದಶಕಗಳೇ ಕಳೆದಿವೆ. ಹಳೆಯ ಕಾರಿನ ಸಹವಾಸ ಇರುವವರಿಗೆಲ್ಲ ಅದು ಬಾಯಿಪಾಠ. ಎಲ್‌ಇಡಿಯ ಮೇಲಿನ ನಂಬಿಕೆ ಈಚಿನದು, ಆದರೆ ಅಷ್ಟೇ ಗಟ್ಟಿಯಾದದ್ದು. ನನಗೆ ಈ ಎರಡೂ ಒಪ್ಪಿಗೆಯಿಲ್ಲ. ರೋಗವನ್ನು ತಪ್ಪಾಗಿ ಗುರುತಿಸಿದ್ದರಿಂದಲೇ ಮದ್ದೂ ತಪ್ಪಾಗಿದೆ ಎಂಬುದು ನನ್ನ ವಾದ. ಉದಾಹರಣೆಗೆ ಎಂಜಿಬಿಯನ್ನು ತೆಗೆದುಕೊಳ್ಳುತ್ತೇನೆ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ ತನ್ನ ಸೋದರ ಮಾದರಿಗಳ ಜೊತೆ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಈ ಕಾರು ಆ ಗೇಲಿಯನ್ನೂ ಕಂಡಿದೆ, ಈ ಬಲ್ಬುಗಳನ್ನೂ ಕಂಡಿದೆ.

ಮೊದಲು ಬಿರುದಿನ ವಿಚಾರ ಮುಗಿಸೋಣ. ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲೂಕಸ್ ತೀರಿಕೊಂಡದ್ದು 1902ರಲ್ಲಿ. ಮೊದಲ ಎಂಜಿಬಿ ರಸ್ತೆಗಿಳಿಯುವಾಗ ಆತ ಇಲ್ಲವಾಗಿ ಅರವತ್ತು ವರ್ಷ ಆಗಿತ್ತು. ಆತನಿಗೆ ಹೆಸರು ತಂದದ್ದು ‘ಕಿಂಗ್ ಆಫ್ ದಿ ರೋಡ್’ ಎಂಬ ಸೈಕಲ್ ಲಾಂದ್ರ. ಜನ ಅದನ್ನು ಇಷ್ಟಪಟ್ಟು ಕೊಂಡಿದ್ದರು. ಇನ್ನು ಎಂಜಿಬಿ 1963, 1964, 1965ರಲ್ಲಿ ಸತತ ಮೂರು ವರ್ಷ ಲ ಮಾನ್ ರೇಸಿನ ಇಪ್ಪತ್ತನಾಲ್ಕು ಗಂಟೆಗಳನ್ನೂ ಓಡಿ ಮುಗಿಸಿತು. 1963ರಲ್ಲಂತೂ ಮರಳಿನಲ್ಲಿ ಹೂತುಹೋಗಿ, ಒಂದು ಗಂಟೆಗೂ ಮೀರಿ ತೋಡಿ ಹೊರತೆಗೆಸಿಕೊಂಡು, ಕೊನೆಗೆ ಹನ್ನೆರಡನೆಯದಾಗಿ ಗುರಿ ಮುಟ್ಟಿತು. ವಿದ್ಯುತ್ ವ್ಯವಸ್ಥೆ ಹುಟ್ಟಿನಿಂದಲೇ ಕೆಟ್ಟದ್ದಾಗಿದ್ದರೆ ಇಡೀ ರಾತ್ರಿಯ ಓಟ ಮೂರು ಬಾರಿ ದಕ್ಕುತ್ತಿರಲಿಲ್ಲ. ರೇಸಿಗೆ ಸಜ್ಜುಗೊಳಿಸಿದ ಕಾರೇ ಬೇರೆ, ಅಂಗಡಿಯಿಂದ ಕೊಂಡ ಕಾರೇ ಬೇರೆ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಆ ವ್ಯತ್ಯಾಸವೇ ನನಗೆ ಬೇಕಾದ ಸಾಕ್ಷಿ. ರೇಸ್ ಕಾರಿನ ಒಂದೊಂದು ಜೋಡಣೆಯನ್ನೂ ಯಾರೋ ಕೈಯಿಂದ ಮುಟ್ಟಿ ಪರೀಕ್ಷಿಸಿರುತ್ತಾರೆ. ಐವತ್ತು ಮಳೆಗಾಲ ಕಂಡ ಮನೆಯ ಕಾರಿನ ಜೋಡಣೆಗಳನ್ನು ಯಾರೂ ಬಿಚ್ಚಿ ನೋಡಿರುವುದಿಲ್ಲ.

ಆ ಕಾರಿನಲ್ಲಿ ಕರೆಂಟು ಹರಿಯುವ ದಾರಿಯನ್ನು ಒಮ್ಮೆ ಹಿಂಬಾಲಿಸಬೇಕು. ಬ್ಯಾಟರಿ ಇರುವುದು ಸೀಟುಗಳ ಹಿಂದೆ, ನೆಲದ ಕೆಳಗೆ. 1974ರವರೆಗೆ ಅಲ್ಲಿ ಆರು ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿರುತ್ತಿದ್ದರು. ಅಲ್ಲಿಂದ ದಪ್ಪ ಕೇಬಲ್ ಮುಂದಕ್ಕೆ ಸ್ಟಾರ್ಟರ್‌ವರೆಗೆ ಬರುತ್ತದೆ. ಅಲ್ಲಿಂದ ಕಂದು ವೈರು ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ, ಸ್ವಿಚ್ಚಿನಿಂದ ನೀಲಿ ವೈರು ಡಿಪ್ ಸ್ವಿಚ್ಚಿಗೆ ಹೋಗುತ್ತದೆ. ಮೊದಲ ವರ್ಷಗಳಲ್ಲಿ ಡಿಪ್ ಸ್ವಿಚ್ ಕಾಲಡಿಯಲ್ಲಿತ್ತು, ಆಮೇಲೆ ಸ್ಟೀರಿಂಗ್ ಬಳಿಗೆ ಬಂತು. ಅಲ್ಲಿಂದ ನೀಲಿ-ಬಿಳಿ ವೈರು ಹೈಬೀಮಿಗೆ, ನೀಲಿ-ಕೆಂಪು ವೈರು ಡಿಪ್ಪಿಗೆ. ಇವು ರೇಡಿಯೇಟರ್ ಬಳಿ ಗುಂಡಿನಾಕಾರದ ಕನೆಕ್ಟರುಗಳಲ್ಲಿ ಕವಲೊಡೆದು ಎರಡು ದೀಪಗಳನ್ನು ಮುಟ್ಟುತ್ತವೆ. ಕೊನೆಗೆ ಕಪ್ಪು ವೈರು ಬಾಡಿಯ ಲೋಹಕ್ಕೆ ಅರ್ಥಿಂಗ್ ಆಗುತ್ತದೆ. ಕರೆಂಟು ಬ್ಯಾಟರಿಗೆ ಮರಳುವುದು ಕಾರಿನ ತಗಡಿನ ಮೂಲಕವೇ. ಈ ದಾರಿಯುದ್ದಕ್ಕೂ ಲೋಹಕ್ಕೆ ಲೋಹ ತಾಗುವ ಜಾಗಗಳಿವೆ. ಅದರಲ್ಲೂ ಮುಂಭಾಗದ ಕನೆಕ್ಟರುಗಳಿಗೆ ರಸ್ತೆಯ ನೀರು ನೇರವಾಗಿ ಎರಚುತ್ತದೆ. ನಾನು ಬಿಚ್ಚಿ ನೋಡಿರುವ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಹಿತ್ತಾಳೆಯ ಆ ಗುಂಡುಗಳ ಮೇಲೆ ಹಸಿರು ಕಿಲುಬು ಕಟ್ಟಿರುವುದು ಸಾಮಾನ್ಯ. ಅರ್ಥಿಂಗ್ ಬೋಲ್ಟಿನ ಅಡಿಯಲ್ಲಿ ಹೊಸ ಪೇಂಟಿನ ಪದರ ಕೂತಿರುವುದೂ ಉಂಟು. ಕಾರನ್ನು ಚಂದಗೊಳಿಸಿದವರೇ ದೀಪದ ದಾರಿಯನ್ನು ಮುಚ್ಚಿರುತ್ತಾರೆ.

ಇಷ್ಟು ಚಿಕ್ಕ ಅಡ್ಡಿಯಿಂದ ಏನಾದೀತು ಎಂಬ ಉದಾಸೀನವೇ ಎಲ್ಲ ತಪ್ಪಿಗೂ ಮೂಲ. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜ್ ಇಳಿದಷ್ಟೇ ಇಳಿಯುವುದಿಲ್ಲ. ಸುಮಾರಾಗಿ ವೋಲ್ಟೇಜಿನ 3.4ನೇ ಘಾತದಲ್ಲಿ ಕುಸಿಯುತ್ತದೆ. ಬಲ್ಬಿಗೆ 13.5 ವೋಲ್ಟ್ ಸಿಗಬೇಕಾದಲ್ಲಿ 12 ಸಿಕ್ಕರೆ ಮೂರನೇ ಒಂದು ಪಾಲು ಬೆಳಕು ಹೋಯಿತು. 11 ಸಿಕ್ಕರೆ ಅರ್ಧವೇ ಉಳಿಯುತ್ತದೆ. 60 ವ್ಯಾಟಿನ ಎರಡು ಹೈಬೀಮ್ ಫಿಲಮೆಂಟುಗಳು ಸೇರಿ ಸುಮಾರು 10 ಆಂಪಿಯರ್ ಎಳೆಯುತ್ತವೆ. ದಾರಿಯಲ್ಲಿ ಒಟ್ಟು 0.15 ಓಮ್ ಪ್ರತಿರೋಧ ಇದ್ದರೆ ಸಾಕು, ಒಂದೂವರೆ ವೋಲ್ಟ್ ಅಲ್ಲೇ ಶಾಖವಾಗಿ ಕರಗುತ್ತದೆ. ಸವೆದ ಸ್ವಿಚ್ಚು, ನಾಲ್ಕು ಕಿಲುಬು ಹಿಡಿದ ಕನೆಕ್ಟರು, ಒಂದು ತುಕ್ಕಿನ ಬೋಲ್ಟು ಸೇರಿದರೆ ಅಷ್ಟು ಪ್ರತಿರೋಧ ಸುಲಭವಾಗಿ ಬಂದುಬಿಡುತ್ತದೆ. ಬಲ್ಬ್ ಕಳಚಿ ಹೋಲ್ಡರಿಗೆ ಮೀಟರ್ ಹಿಡಿದು ‘ಹನ್ನೆರಡು ವೋಲ್ಟ್ ಬರುತ್ತಿದೆ, ವೈರಿಂಗ್ ಸರಿಯಿದೆ’ ಎಂದು ಹೇಳುವ ಎಲೆಕ್ಟ್ರಿಷಿಯನ್ ಪೂರ್ತಿ ತಪ್ಪು ಪರೀಕ್ಷೆ ಮಾಡಿದ್ದಾನೆ. ಕರೆಂಟು ಹರಿಯದಿದ್ದಾಗ ವೋಲ್ಟೇಜ್ ಎಲ್ಲೂ ಬೀಳುವುದಿಲ್ಲ. ದೀಪ ಉರಿಯುತ್ತಿರುವಾಗಲೇ ಅಳೆಯಬೇಕು: ಬ್ಯಾಟರಿಯ ಲೈವ್ ತುದಿಯಿಂದ ಬಲ್ಬಿನವರೆಗೆ ಎಷ್ಟು ಬಿತ್ತು, ಬಲ್ಬಿನ ಅರ್ಥಿಂಗ್‌ನಿಂದ ಬ್ಯಾಟರಿಯ ಅರ್ಥಿಂಗ್ ತುದಿಯವರೆಗೆ ಎಷ್ಟು ಬಿತ್ತು. ಈ ಎರಡು ಅಂಕಿ ಕೈಯಲ್ಲಿಲ್ಲದೆ ಲೂಕಸ್ ಬಗ್ಗೆ ತೀರ್ಪು ಕೊಡುವ ಹಕ್ಕು ಯಾರಿಗೂ ಇಲ್ಲ.

ಹಾಗಾದರೆ ಮೂಲ ವಿನ್ಯಾಸ ನಿರ್ದೋಷಿಯೇ? ಖಂಡಿತ ಅಲ್ಲ. ಲೂಕಸ್ ಅಭಿಮಾನಿಗಳ ಜೊತೆಗೂ ನನಗೆ ಜಗಳವಿದೆ. ಎಂಜಿಬಿಯ ಹೆಡ್‌ಲೈಟ್ ಸರ್ಕ್ಯೂಟಿನಲ್ಲಿ ಫ್ಯೂಸೂ ಇಲ್ಲ, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ನಿಯಂತ್ರಿಸುವ ರಿಲೇಯೂ ಇಲ್ಲ. ಇಡೀ ಕರೆಂಟು ಬೆರಳಿನಿಂದ ಒತ್ತುವ ಸ್ವಿಚ್ಚಿನ ಸಣ್ಣ ಸಂಪರ್ಕ ಬಿಂದುಗಳನ್ನು ಹಾದು ಹೋಗಬೇಕು. ಫ್ಯೂಸ್ ಇಲ್ಲದಿರುವುದಕ್ಕೆ ಒಂದು ಸಮರ್ಥನೆ ಇದೆ: ರಾತ್ರಿ ವೇಗದಲ್ಲಿದ್ದಾಗ ಒಂದೇ ಫ್ಯೂಸ್ ಹೋಗಿ ಎರಡೂ ದೀಪ ಆರುವುದು ವೈರು ಸುಡುವುದಕ್ಕಿಂತ ಹೆಚ್ಚು ಅಪಾಯ. ವಾದ ಗೌರವಕ್ಕೆ ಅರ್ಹ, ಆದರೆ ಅದರ ಸರಿಯಾದ ಉತ್ತರ ಫ್ಯೂಸ್ ಬಿಡುವುದಲ್ಲ, ಒಂದರ ಬದಲು ನಾಲ್ಕು ಹಾಕುವುದು. ರಿಲೇ ಇಲ್ಲದಿರುವುದಕ್ಕೆ ಉಳಿತಾಯ ಬಿಟ್ಟು ಬೇರೆ ಸಮರ್ಥನೆ ನನಗೆ ಕಂಡಿಲ್ಲ. 1967ರ ಕೊನೆಯವರೆಗಿನ ಕಾರುಗಳಲ್ಲಿ ಇದ್ದ ಡೈನಮೊ ಕೂಡ 22 ಆಂಪಿಯರ್‌ನದು. ಹೆಡ್‌ಲೈಟ್, ವೈಪರ್, ಹೀಟರ್ ಫ್ಯಾನ್ ಒಟ್ಟಿಗೆ ಓಡಿದರೆ ಅದರ ತಾಕತ್ತಿನ ಬಹುಪಾಲು ಖರ್ಚು. ಸಿಗ್ನಲ್‌ನಲ್ಲಿ ನಿಂತಾಗಲಂತೂ ಡೈನಮೊ ಏನನ್ನೂ ಕೊಡದೆ ದೀಪ ಹಳದಿಗೆ ತಿರುಗುತ್ತದೆ. ಈ ಕೊರತೆಗಳು ನಿಜ. ಆದರೆ ಯಾವ ಭಾಗ ಬೇಕು, ಎಷ್ಟು ಬೆಲೆಯೊಳಗೆ ಬೇಕು ಎಂದು ಗೊತ್ತುಮಾಡುವುದು ಕಾರು ತಯಾರಿಸುವವರು. ಬಿಡಿಭಾಗ ಒದಗಿಸಿದವರ ತಲೆಗೆ ಎಲ್ಲವನ್ನೂ ಕಟ್ಟುವುದು ಸೋಮಾರಿತನ.

ಈಗ ಎಲ್‌ಇಡಿ. ಹ್ಯಾಲೊಜೆನ್ ಹೆಡ್‌ಲೈಟಿನಲ್ಲಿ ಬೆಳಕು ಹುಟ್ಟಿಸುವುದು ಬಲ್ಬ್, ಅದನ್ನು ರಸ್ತೆಯ ಮೇಲೆ ಹರಡುವುದು ರಿಫ್ಲೆಕ್ಟರ್ ಮತ್ತು ಗಾಜಿನ ಗೀರುಗಳು. 1971ರಲ್ಲಿ ಬಂದ ಎರಡು ಫಿಲಮೆಂಟಿನ ಎಚ್‌4 ಬಲ್ಬಿನಲ್ಲಿ ಡಿಪ್ ಫಿಲಮೆಂಟಿನ ಕೆಳಗೆ ಒಂದು ಪುಟ್ಟ ಲೋಹದ ಮರೆ ಇದೆ. ಎದುರಿನವರ ಕಣ್ಣಿಗೆ ಬೀಳಬಹುದಾದ ಬೆಳಕನ್ನು ಅದು ಹುಟ್ಟುವಲ್ಲೇ ತಡೆಯುತ್ತದೆ. ಫಿಲಮೆಂಟ್ ಮಿಲಿಮೀಟರುಗಳ ಲೆಕ್ಕದಲ್ಲಿ ಎಲ್ಲಿರಬೇಕು ಎಂಬುದು ನಿಗದಿಯಾಗಿದೆ. ರಿಫ್ಲೆಕ್ಟರಿನ ಬಾಗು ಆ ಜಾಗಕ್ಕೇ ಲೆಕ್ಕಹಾಕಿದ್ದು. ಅಲ್ಲಿ ಚಪ್ಪಟೆ ಪಟ್ಟಿಯ ಎರಡು ಬದಿಗೆ ಚಿಪ್ ಅಂಟಿಸಿದ ಬಲ್ಬನ್ನು ತೂರಿಸಿದರೆ ಬೆಳಕಿನ ಮೂಲದ ಆಕಾರ, ದಪ್ಪ, ದಿಕ್ಕು ಮೂರೂ ಬದಲಾಗುತ್ತವೆ. ಅಂತರರಾಷ್ಟ್ರೀಯ ಮಾನದಂಡದಲ್ಲಿ ಎಚ್‌4ನ ಬೆಳಕು 13.2 ವೋಲ್ಟಿನಲ್ಲಿ ಹೈಬೀಮಿಗೆ 1650 ಲೂಮೆನ್, ಡಿಪ್ಪಿಗೆ 1000 ಲೂಮೆನ್. ಎಲ್‌ಇಡಿ ಡಬ್ಬಿಯ ಮೇಲೆ ಇದರ ಹಲವು ಪಟ್ಟು ಅಂಕಿ ಅಚ್ಚಾಗಿರುತ್ತದೆ. ಆ ಬೆಳಕು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಡಬ್ಬಿ ಹೇಳುವುದಿಲ್ಲ.

‘ಹಾಕಿಸಿದ ಮೇಲೆ ರಸ್ತೆ ಹಗಲಿನಂತೆ ಕಾಣುತ್ತದೆ’ ಎನ್ನುವ ಮಾಲೀಕರು ಸುಳ್ಳು ಹೇಳುತ್ತಿಲ್ಲ. ಬಾನೆಟ್ಟಿನ ಮುಂದಿನ ಹತ್ತು-ಹದಿನೈದು ಮೀಟರ್ ನಿಜಕ್ಕೂ ಬೆಳ್ಳಗಾಗುತ್ತದೆ. ಆದರೆ ಹತ್ತಿರದ ನೆಲ ಅತಿಯಾಗಿ ಬೆಳಗಿದಾಗ ಕಣ್ಣಿನ ಪಾಪೆ ಕುಗ್ಗಿ ದೂರದ ಕತ್ತಲೆ ಇನ್ನಷ್ಟು ಗಾಢವಾಗುತ್ತದೆ. ಹೆದ್ದಾರಿಯ ವೇಗದಲ್ಲಿ ಜೀವ ಉಳಿಸುವುದು ದೂರ ಕಾಣುವ ದೃಷ್ಟಿ. ಎದುರಿನಿಂದ ಬರುವವನ ಕಣ್ಣು ಕೋರೈಸುವುದು ಬೇರೆ ಲೆಕ್ಕ. ಅದನ್ನು ಕಾರಿನ ಮಾಲೀಕ ಎಂದೂ ನೋಡುವುದಿಲ್ಲ.

ಬ್ರಿಟನ್ನಿನ ವಾಹನ ಸುಸ್ಥಿತಿ ತಪಾಸಣೆಯಾದ ಎಂಒಟಿಯಲ್ಲಿ 1986ರ ಏಪ್ರಿಲ್ 1ರಿಂದೀಚಿನ ವಾಹನಗಳ ಹ್ಯಾಲೊಜೆನ್ ದೀಪಕ್ಕೆ ಎಲ್‌ಇಡಿ ಬಲ್ಬ್ ಹಾಕುವಂತಿಲ್ಲ. ಅದಕ್ಕಿಂತ ಹಳೆಯವಕ್ಕೆ ಈ ನಿರ್ಬಂಧ ಇಲ್ಲ. ಎಂಜಿಬಿ ಮಾಲೀಕರು ಇದನ್ನು ಅನುಮತಿ ಪತ್ರದಂತೆ ತೋರಿಸುತ್ತಾರೆ. ಕಾನೂನು ವಿನಾಯಿತಿ ಕೊಟ್ಟ ಮಾತ್ರಕ್ಕೆ ರಿಫ್ಲೆಕ್ಟರಿನ ಬಾಗು ಬದಲಾಗುವುದಿಲ್ಲ. ಜರ್ಮನಿಯಲ್ಲಿ 2020ರಿಂದ ಕೆಲವು ಎಲ್‌ಇಡಿ ಬಲ್ಬುಗಳಿಗೆ ರಸ್ತೆಯ ಪರವಾನಗಿ ಸಿಕ್ಕಿದೆ ನಿಜ. ಅಲ್ಲಿ ಪರವಾನಗಿ ಕೊಡುವುದು ಇಂಥ ಮಾದರಿಯ ಕಾರು, ಇಂಥ ಹೆಡ್‌ಲೈಟ್ ಎಂದು ಒಂದೊಂದನ್ನೇ ಪರೀಕ್ಷಿಸಿ. ಬಲ್ಬ್ ಮತ್ತು ರಿಫ್ಲೆಕ್ಟರ್ ಒಂದೇ ಯಂತ್ರದ ಎರಡು ಭಾಗ ಎಂಬ ನನ್ನ ಮಾತಿಗೇ ಅದು ಪುರಾವೆ.

ಎಲ್‌ಇಡಿ ಪರವಾದ ಅತಿ ಬಲವಾದ ವಾದ ಬೇರೆಯೇ ಇದೆ. ಅದು ಎಳೆಯುವ ಕರೆಂಟು ಕಡಿಮೆ, ಆದ್ದರಿಂದ ದಣಿದ ವೈರಿಂಗಿಗೆ ವಿಶ್ರಾಂತಿ ಎನ್ನುತ್ತಾರೆ. ಭೌತಶಾಸ್ತ್ರ ಸರಿಯಾಗಿಯೇ ಇದೆ. ತೊಂದರೆ ಏನೆಂದರೆ, ಅದೇ ಕಂದು ವೈರು, ಅದೇ ಬಾಡಿ ಅರ್ಥಿಂಗ್ ಹಾರ್ನಿಗೆ, ಇಂಡಿಕೇಟರಿಗೆ, ವೈಪರಿಗೆ ಕೂಡ ಬೇಕು. ಎಲ್‌ಇಡಿ ಜ್ವರವನ್ನು ಇಳಿಸಿ ಸೋಂಕನ್ನು ಒಳಗೇ ಬಿಡುವ ಮಾತ್ರೆ. ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತಿದೆ ಎಂಬ ನೆಮ್ಮದಿಯಲ್ಲಿ ಕನೆಕ್ಟರನ್ನು ಇನ್ನು ಹತ್ತು ವರ್ಷ ಯಾರೂ ಮುಟ್ಟುವುದಿಲ್ಲ.

ನಾನು ಎಲ್‌ಇಡಿಯ ಶತ್ರುವಲ್ಲ. ಹಿಂದಿನ ಬ್ರೇಕ್ ಲೈಟಿಗೆ ಅದು ನಿಜವಾದ ಸುಧಾರಣೆ. ಫಿಲಮೆಂಟ್ ಕಾದು ಪೂರ್ತಿ ಬೆಳಗಲು ಸುಮಾರು 0.2 ಸೆಕೆಂಡ್ ಬೇಕು, ಎಲ್‌ಇಡಿ ತಕ್ಷಣ ಉರಿಯುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹಿಂದೆ ಬರುವ ಕಾರಿಗೆ ಅದು ಐದೂವರೆ ಮೀಟರಿನಷ್ಟು ಮುನ್ಸೂಚನೆ. ಕೆಂಪು ಗಾಜಿನ ಹಿಂದೆ ಕೆಂಪು ಎಲ್‌ಇಡಿಯನ್ನೇ ಹಾಕಬೇಕು, ಬಿಳಿಯದು ಹಾಕಿದರೆ ಬಣ್ಣ ಗುಲಾಬಿಗೆ ತಿರುಗುತ್ತದೆ. ಇಂಡಿಕೇಟರಿಗೆ ಹಾಕುವವರು ಫ್ಲ್ಯಾಶರನ್ನೂ ಬದಲಿಸಬೇಕು. ಹಳೆಯದು ಬಲ್ಬಿನ ಕರೆಂಟಿನಿಂದಲೇ ಕಾದು ಮಿಟುಕುವಂಥದ್ದು. ಡ್ಯಾಶ್‌ಬೋರ್ಡಿನ ಕೆಂಪು ಇಗ್ನಿಷನ್ ದೀಪವನ್ನು ಮಾತ್ರ ಮುಟ್ಟಬೇಡಿ. ಆಲ್ಟರ್ನೇಟರ್ ಎಚ್ಚರಗೊಳ್ಳುವುದು ಆ 2.2 ವ್ಯಾಟ್ ಬಲ್ಬಿನ ಮೂಲಕ ಹರಿಯುವ ಕರೆಂಟಿನಿಂದ. ಅಲ್ಲಿ ಎಲ್‌ಇಡಿ ಕೂರಿಸಿದರೆ ಚಾರ್ಜಿಂಗೇ ಶುರುವಾಗದೆ ಇರಬಹುದು, ಆಗ ಬೈಗುಳ ಮತ್ತೆ ಲೂಕಸ್‌ಗೇ.

ಇನ್ನೊಂದು ಕಡೆ ಮೂಲನಿಷ್ಠರಿದ್ದಾರೆ. ಕಾರ್ಖಾನೆ ಕೊಟ್ಟದ್ದಕ್ಕೆ ಒಂದು ವೈರೂ ಸೇರಬಾರದು ಎನ್ನುತ್ತಾರೆ. ಅವರ ಭಕ್ತಿ ನನಗೆ ಅರ್ಥವಾಗುತ್ತದೆ. ಎಂಜಿಬಿಯ ವಿನ್ಯಾಸಕ ಡಾನ್ ಹೇಟರ್ ಬಿಡಿಸಿದ ಆ ಮುಖದಲ್ಲಿ ಮಡ್‌ಗಾರ್ಡಿನೊಳಗೆ ತುಸು ಹಿಂದೆ ಕೂತ ಏಳು ಇಂಚಿನ ದುಂಡು ದೀಪವೇ ಪ್ರಾಣ. ಒಳಗೆ ಹಲವು ಕಣ್ಣಿನ ಹೊಸ ಎಲ್‌ಇಡಿ ಘಟಕ ಕೂರಿಸಿದರೆ, ಅದರ ಬೆಳಕು ಮಾನದಂಡಕ್ಕೆ ಸರಿಹೊಂದಿದರೂ, ಮುಖ ಕೆಡುತ್ತದೆ. ಈ ವಿಷಯದಲ್ಲಿ ನಾನು ಮೂಲನಿಷ್ಠರ ಪಕ್ಷ. ಆದರೆ ರಿಲೇಗೆ ಅವರು ತೋರುವ ವಿರೋಧ ತಪ್ಪು. ಬಾನೆಟ್ಟಿನ ಕೆಳಗೆ ಎರಡು ರಿಲೇ ಇಟ್ಟು, ದಪ್ಪ ವೈರಿನಲ್ಲಿ ನೇರವಾಗಿ ಶಕ್ತಿ ತಂದು, ಪ್ರತಿ ಫಿಲಮೆಂಟಿಗೂ ಒಂದೊಂದು ಫ್ಯೂಸ್ ಕೊಟ್ಟು, ಹಳೆಯ ಸ್ವಿಚ್ಚಿಗೆ ರಿಲೇಯನ್ನು ಎಬ್ಬಿಸುವಷ್ಟೇ ಕೆಲಸ ಬಿಟ್ಟರೆ ಸಾಕು. ಅದಕ್ಕೆ ಕಾಲು ಆಂಪಿಯರ್ ಕೂಡ ಬೇಡ. ಇದರಿಂದ ಹೊರಗೆ ಒಂದು ಸ್ಕ್ರೂ ಕೂಡ ಬದಲಾಗುವುದಿಲ್ಲ, ಬೇಕಾದಾಗ ಬಿಚ್ಚಬಹುದು. ಮೂಲ ಸ್ವಿಚ್ಚು ಸುಡದೆ ಉಳಿಯಲೂ ಇದೇ ದಾರಿ. ರಿಲೇ ಇಲ್ಲದೆ 90/100 ವ್ಯಾಟಿನ ಬಲ್ಬ್ ತುರುಕುವ ಅಭ್ಯಾಸವಂತೂ ಸ್ವಿಚ್ಚನ್ನೂ ಹೋಲ್ಡರನ್ನೂ ಒಟ್ಟಿಗೆ ಕರಗಿಸುತ್ತದೆ. ಅಮೆರಿಕದಿಂದ ಮರಳಿದ ಕಾರುಗಳಲ್ಲಿ ಗಾಜನ್ನೂ ನೋಡಬೇಕು: ಅಲ್ಲಿನ ಡಿಪ್ ಬಲಕ್ಕೆ ವಾಲುತ್ತದೆ, ಎಡಬದಿಯಲ್ಲಿ ಓಡಿಸುವ ನಾಡಿನಲ್ಲಿ ಅದು ನೇರ ಎದುರಿನವರ ಕಣ್ಣಿಗೆ.

ಇದು ಇಂಗ್ಲೆಂಡಿನವರ ತಲೆನೋವು ಎಂದು ನಮ್ಮವರು ಪಕ್ಕಕ್ಕಿಡುವಂತಿಲ್ಲ. ಲೂಕಸ್-ಟಿವಿಎಸ್ 1961ರಿಂದ ಚೆನ್ನೈನಲ್ಲಿದೆ. ಅಂಬಾಸಿಡರಿನಲ್ಲೂ ಬುಲೆಟ್ಟಿನಲ್ಲೂ ಇದ್ದದ್ದು ಅದೇ ಏಳು ಇಂಚಿನ ದುಂಡು ದೀಪ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ರಿಲೇ, ಸೆರಾಮಿಕ್ ಹೋಲ್ಡರ್, ಫ್ಯೂಸ್ ಡಬ್ಬಿ, ದಪ್ಪ ತಾಮ್ರದ ವೈರು ಎಲ್ಲವೂ ಸಿಗುತ್ತವೆ.

ಹಳೆಯ ಕಾರು ಇಟ್ಟುಕೊಂಡವರಲ್ಲಿ ನನ್ನ ಕೋರಿಕೆ ಇಷ್ಟು. ಯಾವ ಬಲ್ಬನ್ನೂ ಕೊಳ್ಳುವ ಮುಂಚೆ ದೀಪ ಉರಿಸಿಟ್ಟು ಆ ಎರಡು ವೋಲ್ಟೇಜ್ ಅಳೆಯಿರಿ. ಕನೆಕ್ಟರುಗಳನ್ನು ಬಿಚ್ಚಿ ಉಜ್ಜಿ, ಅರ್ಥಿಂಗ್ ಬೋಲ್ಟಿನ ಅಡಿಯ ಪೇಂಟ್ ಕೆರೆದು, ಮತ್ತೊಮ್ಮೆ ಅಳೆಯಿರಿ. ಆಮೇಲೂ ಬೆಳಕು ಸಾಲದಿದ್ದರೆ ರಿಲೇ ಹಾಕಿಸಿ. ಹಾಕಿಸಿದ ವೈರಿಂಗಿನ ನಕ್ಷೆಯನ್ನು, ಬಣ್ಣಗಳ ಸಮೇತ, ಕಾಗದದಲ್ಲಿ ಬರೆದು ಕಾರಿನ ದಾಖಲೆಗಳ ಜೊತೆ ಇಡಿ; ಕಾರು ಕೈಬದಲಾಗುವಾಗ ಅದನ್ನೂ ಕೊಡಿ.