ಬಿಚ್ಚಬಾರದ ಮೋಟಾರ್

ಎಲೆಕ್ಟ್ರಿಕ್ ಮೌಂಟನ್ ಬೈಕಿನ ಹುಚ್ಚು ಹತ್ತಿದವರ ಕಿವಿ ಬೇಗ ಪಳಗುತ್ತದೆ. ಆಲ್ಪ್ಸ್‌ನ ಕಲ್ಲುದಾರಿಯಲ್ಲಿ ತುಳಿಯದೆ ಇಳಿಯುವಾಗ ಪೆಡಲ್ಲಿನ ಬುಡದಿಂದ ಕಟಕಟ ಸದ್ದು ಬಂದರೆ ಹೊಸಬರು ಗಾಬರಿಯಿಂದ ಬ್ರೇಕ್ ಹಿಡಿಯುತ್ತಾರೆ. ಹಳಬರು ಇಳಿಯುತ್ತಲೇ ಇರುತ್ತಾರೆ. ಬಾಷ್ 2019ರಲ್ಲಿ ತಂದ ಪರ್ಫಾರ್ಮೆನ್ಸ್ ಲೈನ್ ಸಿಎಕ್ಸ್, ಮರುವರ್ಷ ಶಿಮಾನೊ ತಂದ ಇಪಿ8, ಎರಡೂ ಮೋಟಾರ್‌ಗಳಿಗೆ ಅದು ಹುಟ್ಟುಗುಣ. ತುಳಿತ ನಿಂತೊಡನೆ ಒಳಗಿನ ಕ್ಲಚ್ ಹಿಡಿತ ಬಿಡುತ್ತದೆ, ಸಡಿಲಾದ ಹಲ್ಲುಚಕ್ರಗಳು ಒಂದಕ್ಕೊಂದು ಬಡಿಯುತ್ತವೆ. ಕೇಳಲು ಹಿತವಿಲ್ಲ, ಆದರೆ ಕೆಡುಕೂ ಇಲ್ಲ.

ಅದೇ, ತುಳಿಯುವಾಗ ಕರಕರ ಎಂದರೆ, ಕ್ರ್ಯಾಂಕ್ ಹಿಡಿದು ಅಲ್ಲಾಡಿಸಿದಾಗ ಕೂದಲೆಳೆಯಷ್ಟು ಆಟ ಕೈಗೆ ಸಿಕ್ಕರೆ, ಆ ಮೋಟಾರಿನ ದಿನ ಎಣಿಸತೊಡಗಬಹುದು. ಬೇರಿಂಗ್ ಹೋಗುತ್ತಿದೆ ಎಂದೇ ಅರ್ಥ.

ಈ ಮೋಟಾರ್ ಕೂರುವ ಜಾಗವೇ ಕಷ್ಟದ್ದು. ಎರಡು ಪೆಡಲ್‌ಗಳ ನಡುವೆ, ಚಕ್ರಗಳು ಎರಚುವ ಕೆಸರು ನೇರವಾಗಿ ಬಂದು ಬೀಳುವ ತಾವು. ಮೂರು ಕಿಲೋಗಿಂತ ಕಡಿಮೆ ತೂಕದ ಲೋಹದ ಡಬ್ಬಿಯೊಳಗೆ ನಿಮಿಷಕ್ಕೆ ಸಾವಿರಗಟ್ಟಲೆ ಸುತ್ತು ತಿರುಗುವ ಮೋಟಾರಿನ ವೇಗವನ್ನು ಹಲ್ಲುಚಕ್ರಗಳು ಕಾಲಿನ ಗತಿಗೆ ಇಳಿಸಬೇಕು. ಕಾಲು ಎಷ್ಟು ಒತ್ತುತ್ತಿದೆ ಎಂದು ಟಾರ್ಕ್ ಸೆನ್ಸರ್ ಕ್ಷಣಕ್ಷಣವೂ ಅಳೆಯುತ್ತಿರಬೇಕು. ಇಷ್ಟೆಲ್ಲ ನಾಜೂಕಿನ ವ್ಯವಸ್ಥೆಯನ್ನು ಹೊರಗಿನ ನೀರಿನಿಂದ ಕಾಯುವುದು ಕ್ರ್ಯಾಂಕ್ ದಂಡದ ಸುತ್ತಲಿನ ತೆಳು ರಬ್ಬರ್ ಸೀಲು. ಅದನ್ನು ದಾಟಿ ತೇವ ಒಳಹೊಕ್ಕರೆ ಬೇರಿಂಗಿಗೆ ತುಕ್ಕು. ಸವಾರಿ ಮುಗಿಸಿ ಪ್ರೆಶರ್ ವಾಷರ್ ಹಿಡಿದು ಬೈಕ್ ಮಿನುಗಿಸುವವರು ಈ ಕೆಲಸಕ್ಕೆ ತಾವೇ ನೆರವಾಗುತ್ತಾರೆ. ಬಕೆಟ್ ನೀರು, ಮೆತ್ತನೆಯ ಬ್ರಷ್ ಸಾಕು.

ಬಾಷ್‌ನ ಹಿಂದಿನ ಪೀಳಿಗೆಯ ಮೋಟಾರಿನಲ್ಲಿ ಮುಂದಿನ ಸ್ಪ್ರಾಕೆಟ್ ಪುಟ್ಟದಿತ್ತು. ಪೆಡಲ್ ಒಂದು ಸುತ್ತು ಬಂದರೆ ಅದು ಎರಡೂವರೆ ಸುತ್ತು ಬರುತ್ತಿತ್ತು. ಆ ಬದಿಯ ಬೇರಿಂಗ್ ಕಾಪಾಡಲು ಒಂದು ರಕ್ಷಣಾ ಉಂಗುರವಿದ್ದು, ಡೀಲರ್‌ಗಳು ಬದಲಿಸಲೆಂದು ಕಂಪನಿಯೇ ಅದನ್ನು ಕಿಟ್ ಆಗಿ ಮಾರುತ್ತದೆ. ಒಳ್ಳೆಯ ಕೆಲಸ. ಬರ್ಲಿನ್ನಿನ ಬ್ರೋಸೆ ಇನ್ನೊಂದು ದಾರಿ ಹಿಡಿದಿತ್ತು. ಸ್ಪೆಷಲೈಸ್ಡ್‌ನ ಟರ್ಬೊ ಲೀವೊ ಬೈಕುಗಳಿಗೆ ಬಂದ ಅದರ ಮೋಟಾರಿನಲ್ಲಿ ಬಲ ಸಾಗಿಸಲು ಹಲ್ಲಿನ ಬೆಲ್ಟ್ ಇತ್ತು. ಅದರ ಮೌನಕ್ಕೆ ಮನಸೋತವರು ಬಹಳ. ಆದರೆ ಬೆಲ್ಟ್ ಹರಿದದ್ದು, ಒಂದೇ ದಿಕ್ಕಿಗೆ ಹಿಡಿಯುವ ಸ್ಪ್ರಾಗ್ ಕ್ಲಚ್ ಸೋತು ಮೋಟಾರ್ ಸುಯ್ಯೆಂದರೂ ಹಿಂಚಕ್ರಕ್ಕೆ ಬಲ ಮುಟ್ಟದೇ ಹೋದದ್ದು ಆ ಬೈಕಿನ ಒಡೆಯರ ನಡುವೆ ಪರಿಚಿತ ದೂರುಗಳು.

ಕೆಲವು ದೂರು ಪರದೆಯ ಮೇಲೇ ಬರುತ್ತದೆ. ಶಿಮಾನೊ ಬೈಕಿನಲ್ಲಿ 'ಡಬ್ಲ್ಯೂ013' ಕಂಡರೆ ಹೆದರಬೇಕಿಲ್ಲ: ಸ್ವಿಚ್ ಹಾಕುವಾಗ ಪೆಡಲ್ ಮೇಲೆ ಕಾಲಿತ್ತು, ಟಾರ್ಕ್ ಸೆನ್ಸರಿಗೆ ಸೊನ್ನೆ ಎಲ್ಲಿದೆಯೆಂದು ತಿಳಿಯಲಿಲ್ಲ. ಕಾಲೆತ್ತಿ ಮತ್ತೆ ಸ್ವಿಚ್ ಹಾಕಿದರೆ ಸರಿ. ಬಾಷ್‌ನ '503' ವೇಗದ ಸೆನ್ಸರಿನದು; ಎಷ್ಟೋ ಸಲ ಅಯಸ್ಕಾಂತ ಜರುಗಿರುತ್ತದೆ, ಬೆರಳಲ್ಲೇ ಸರಿಪಡಿಸಬಹುದು. ಶಿಮಾನೊದ 'ಇ010' ಮಾತ್ರ ಬೇರೆ ಜಾತಿ. ವ್ಯವಸ್ಥೆಯಲ್ಲಿ ದೋಷ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಮತ್ತೆ ಮತ್ತೆ ಬಂದರೆ ಡೀಲರ್ ಬಾಗಿಲೇ ಗತಿ.

ಅಲ್ಲಿ ನಡೆಯುವುದು ದುರಸ್ತಿಯೆಂದುಕೊಂಡವರಿಗೆ ನಿರಾಶೆ ಕಾದಿರುತ್ತದೆ. ಡೀಲರ್ ಲ್ಯಾಪ್‌ಟಾಪ್ ಜೋಡಿಸುತ್ತಾನೆ, ವರದಿ ಕಳಿಸುತ್ತಾನೆ, ಒಪ್ಪಿಗೆ ಬಂದ ಮೇಲೆ ಬೇರೊಂದು ಮೋಟಾರ್ ತರಿಸಿ ಕೂರಿಸುತ್ತಾನೆ. ಹಳೆಯದನ್ನು ಅವನೂ ಬಿಚ್ಚುವಂತಿಲ್ಲ. ಯುರೋಪಿನ ಕಾನೂನು ಗ್ರಾಹಕನಿಗೆ ಕೊಡುವ ಎರಡು ವರ್ಷದ ಖಾತರಿಯೊಳಗೆ ಇದು ಉಚಿತ, ನಿಜ. ಆದರೆ ಹಿಮ ಕರಗಿ ದಾರಿಗಳು ತೆರೆದಿರುವ ಬೇಸಿಗೆಯ ವಾರಗಳು ಮೋಟಾರಿಗಾಗಿ ಕಾಯುತ್ತ ಕಳೆದರೆ ಆ ಉಚಿತಕ್ಕೆ ಬೆಲೆ ತೆತ್ತಂತೆಯೇ. ಗಡುವು ಮುಗಿದ ಮರುದಿನ ಕೆಟ್ಟರಂತೂ ಸಣ್ಣ ಬೇರಿಂಗ್ ಒಂದಕ್ಕಾಗಿ ಇಡೀ ಮೋಟಾರಿನ ಹಣ ಕೊಡಬೇಕು. ಅದೂ ಅದೇ ಪೀಳಿಗೆಯ ಮೋಟಾರ್ ಸಿಗುತ್ತಿದ್ದರೆ. ಬಾಷ್‌ನ 2019ರ ಮೋಟಾರ್ ಅದರ ಹಿಂದಿನದಕ್ಕೆ ಮಾಡಿದ ಚೌಕಟ್ಟಿನಲ್ಲಿ ಕೂರುವುದಿಲ್ಲ. ಬೋಲ್ಟಿನ ಜಾಗಗಳೇ ಬೇರೆ.

ಕರ್ನಾಟಕದವರಿಗೆ ಇದು ಅರಗದ ಮಾತು. ಸಾವಿರ ಅಡಿ ಆಳದ ಬೋರ್‌ವೆಲ್ಲಿನಿಂದ ಎತ್ತಿದ ಸುಟ್ಟ ಮೋಟಾರನ್ನು ಚಿಂತಾಮಣಿಯಲ್ಲೋ ಚಳ್ಳಕೆರೆಯಲ್ಲೋ ವೈಂಡಿಂಗ್ ಅಂಗಡಿಯವರು ಬಿಚ್ಚಿ, ಕರಕಲು ತಂತಿ ಕಿತ್ತು, ಹೊಸ ತಾಮ್ರ ಸುತ್ತಿ, ಬುಷ್ ಬದಲಿಸಿ ಮತ್ತೆ ನೀರಿಗೆ ಇಳಿಸಿಕೊಡುತ್ತಾರೆ. ಆ ಮೋಟಾರಿಗೆ ಇದು ಎಷ್ಟನೆಯ ಜನ್ಮವೋ ರೈತನೇ ಲೆಕ್ಕ ಇಟ್ಟಿರುವುದಿಲ್ಲ. ಬ್ರಿಟನ್ ಮತ್ತು ಜರ್ಮನಿಯಲ್ಲೂ ಈಗ ಇಂಥ ಕೈಗಳು ಹುಟ್ಟಿಕೊಂಡಿವೆ. ಕಂಪನಿಯ ಬಿಡಿಭಾಗವಿಲ್ಲದೆ, ಕೈಪಿಡಿಯಿಲ್ಲದೆ ಸೈಕಲ್ ಮೋಟಾರ್ ಬಿಚ್ಚಿ, ಬೇರಿಂಗಿನ ಅಳತೆ ತಾವೇ ಹುಡುಕಿ, ಮೂಲಕ್ಕಿಂತ ಗಟ್ಟಿ ಸೀಲು ಹಾಕಿಕೊಡುವ ಸ್ವತಂತ್ರ ವರ್ಕ್‌ಶಾಪುಗಳು. ಈ ಕಸುಬಿನ ನಿಜವಾದ ಅರಿವು ಇವತ್ತು ಇರುವುದು ಇವರ ಮೇಜಿನ ಮೇಲೆ.

ಕಂಪನಿಗಳಿಗೂ ಒಂದು ನ್ಯಾಯದ ಮಾತಿದೆ. ಯುರೋಪಿನಲ್ಲಿ ನೋಂದಣಿ ಬೇಡದ ಇ-ಸೈಕಲ್ಲಿಗೆ 250 ವ್ಯಾಟ್, ಗಂಟೆಗೆ 25 ಕಿಲೋಮೀಟರ್ ಮಿತಿ. ಬಿಚ್ಚಲು ಬಿಟ್ಟರೆ ಆ ಮಿತಿ ಮುರಿಯುವವರು ಇದ್ದೇ ಇರುತ್ತಾರೆ; ಟಾರ್ಕ್ ಸೆನ್ಸರ್ ತಪ್ಪಿದರೆ ಬೈಕ್ ತಾನಾಗಿ ನುಗ್ಗಬಹುದು. ಒಪ್ಪೋಣ. ಹಾಗಿದ್ದರೆ ಸರ್ಕ್ಯೂಟ್ ಬೋರ್ಡಿಗೆ ಬೀಗ ಹಾಕಲಿ. ಬೇರಿಂಗ್, ಸೀಲು, ಬೆಲ್ಟ್ ಸವೆಯುವ ವಸ್ತುಗಳು. ಅವಕ್ಕೆ ಬೀಗ ಹಾಕಲು ಈ ಕಾರಣ ಸಾಲದು.

ಖಾತರಿ ಕೊಟ್ಟವರೇ ಕುಸಿದರೆ ಏನು ಗತಿ ಎಂಬ ಪ್ರಶ್ನೆಯೂ ಈಗ ಎದುರಿಗಿದೆ. ಸ್ವಂತ ಡೈನೇಮ್ ಮೋಟಾರಿನ ಕೆನಡಾದ ಬೈಕ್ ಕಂಪನಿ ರಾಕಿ ಮೌಂಟನ್ 2024ರ ಡಿಸೆಂಬರಿನಲ್ಲಿ ಸಾಲ ಕೊಟ್ಟವರಿಂದ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. ಜರ್ಮನಿಯ ಬೈಕ್ ಕಂಪನಿ ವೈಟಿ 2025ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಇಳಿಯಿತು. ಬ್ರೋಸೆಯ ಸೈಕಲ್ ಮೋಟಾರ್ ವ್ಯವಹಾರ ಯಮಾಹಾದ ಕೈ ಸೇರಿತು. ಮ್ಯೂನಿಕ್ಕಿನಲ್ಲೋ ಸಿಯಾಟಲ್ಲಿನಲ್ಲೋ ಬೈಕ್ ಕೊಂಡು ಊರಿಗೆ ಮರಳುವ ಕನ್ನಡಿಗರಿಗೆ ತೊಡಕು ಇನ್ನೂ ಬೇಗ ಶುರುವಾಗುತ್ತದೆ: ಪ್ರಯಾಣಿಕರು ವಿಮಾನದಲ್ಲಿ ಒಯ್ಯಬಹುದಾದ ಬ್ಯಾಟರಿಯ ಮಿತಿ 160 ವ್ಯಾಟ್-ಅವರ್, ಈ ಬೈಕುಗಳಲ್ಲಿ ಇರುವುದು 500ರಿಂದ 800.

ಯುರೋಪಿನ ಒಕ್ಕೂಟ 2024ರಲ್ಲಿ ದುರಸ್ತಿಯ ಹಕ್ಕಿನ ನಿರ್ದೇಶನ ಹೊರಡಿಸಿತು. ಅನ್ವಯವಾಗುವ ದಿನ 2026ರ ಜುಲೈ 31. ಅದರಲ್ಲಿ ಇ-ಬೈಕಿಗೆ ಜಾಗ ಸಿಕ್ಕಿರುವುದು ಬ್ಯಾಟರಿಯ ದೆಸೆಯಿಂದ. 2027ರ ಫೆಬ್ರವರಿ 18ರಿಂದ ಇಂಥ ವಾಹನಗಳ ಬ್ಯಾಟರಿಯನ್ನು ಸ್ವತಂತ್ರ ಮೆಕ್ಯಾನಿಕ್ ತೆಗೆದು ಬದಲಿಸುವಂತಿರಬೇಕೆಂದು ಇನ್ನೊಂದು ನಿಯಮ ಹೇಳುತ್ತದೆ. ಮೋಟಾರಿನೊಳಗಿನ ಬೇರಿಂಗಿಗೆ ಅಂಥ ಆಸರೆಯಿಲ್ಲ.

ಅತ್ತ ಬಲದ ಪೈಪೋಟಿ ನಿಂತಿಲ್ಲ. ಡ್ರೋನ್ ಮಾಡುವ ಡಿಜೆಐ 2024ರಲ್ಲಿ ಅವಿನಾಕ್ಸ್ ಮೋಟಾರ್ ತಂದಿತು: ತೂಕ ಎರಡೂವರೆ ಕಿಲೋ, ತಿರುಗುಬಲ 105 ನ್ಯೂಟನ್ ಮೀಟರ್, ಬೂಸ್ಟ್ ಒತ್ತಿದರೆ 120. ಮರುವರ್ಷ ಬಾಷ್ ತನ್ನ ಸಿಎಕ್ಸ್ ಅನ್ನು ಸಾಫ್ಟ್‌ವೇರಿನಿಂದಲೇ 85ರಿಂದ 100ಕ್ಕೆ ಏರಿಸಿತು. ಹೊಸ ಬೈಕಿನ ಮಾತೆಲ್ಲ ಈ ಅಂಕಿಗಳ ಸುತ್ತಲೇ. ಈ ಸದ್ದಿನ ನಡುವೆ ಜರ್ಮನಿಯ ಪಿನಿಯನ್ 2023ರಲ್ಲಿ ಗೇರುಪೆಟ್ಟಿಗೆ, ಮೋಟಾರ್ ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟು ತಂದ ಘಟಕ ಬೇರೆಯಾಗಿ ಕಾಣುತ್ತದೆ. ಅದರ ಬಳಕೆದಾರನಿಗೆ ಕಂಪನಿ ಕೊಡುವ ಸೂಚನೆ ಹಳೆಯ ಬುಲೆಟ್ ಇಟ್ಟವರಿಗೆಲ್ಲ ಅರ್ಥವಾಗುವಂಥದ್ದು: 10,000 ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಿ.