ತಡವಾಗಿ ಓದುವವನ ಲಾಭ

ಬೆಂಗಳೂರಿನಲ್ಲಿ ಬಿಡುಗಡೆಯಾದ ಪುಸ್ತಕ ವಡೋದರಾದ ಫತೇಗಂಜ್ ತಲುಪುವ ಹೊತ್ತಿಗೆ ವಿಮರ್ಶೆಗಳು ಮುಗಿದಿರುತ್ತವೆ, ಫೇಸ್‌ಬುಕ್ಕಿನ ಜಗಳ ತಣ್ಣಗಾಗಿರುತ್ತದೆ, ಒಮ್ಮೊಮ್ಮೆ ಎರಡನೇ ಮುದ್ರಣವೂ ಬಂದಿರುತ್ತದೆ. ಇಲ್ಲಿ ಗೈಡು, ನೋಟ್ಸು, ಜೆರಾಕ್ಸು ಬೇಕಾದಷ್ಟು ಸಿಗುತ್ತವೆ. ಕನ್ನಡ ಪುಸ್ತಕ ಮಾತ್ರ ಊರಿಂದ ಬರುವವರ ಚೀಲದಲ್ಲೋ ಅಂಚೆಯಲ್ಲೋ ಬರಬೇಕು. ಅಂಚೆಯೂ ಈಗ ಮೊದಲಿನಂತಿಲ್ಲ. 2024ರ ಡಿಸೆಂಬರಿನಲ್ಲಿ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತುಹೋಯಿತು. ಸಣ್ಣ ಪ್ರಕಾಶಕರಿಗೆ ಅದೊಂದು ಊರುಗೋಲಾಗಿತ್ತು. ತೆಳ್ಳನೆಯ ಕವನ ಸಂಕಲನ ಒಂದನ್ನೇ ತರಿಸುವುದು ಈಗ ದುಬಾರಿ ಚಟ. ಹಾಗಾಗಿ ಪಟ್ಟಿ ಮಾಡಿ, ತಿಂಗಳುಗಟ್ಟಲೆ ಕಾದು, ಅರ್ಧದಷ್ಟನ್ನು ಹೊಡೆದುಹಾಕಿ, ಉಳಿದವನ್ನು ಒಟ್ಟಿಗೆ ತರಿಸುತ್ತೇನೆ. ಹೊಡೆದುಹಾಕಿದ ಪುಸ್ತಕಗಳ ಬಗ್ಗೆ ಈವರೆಗೆ ನನಗೆ ವ್ಯಥೆಯಾಗಿಲ್ಲ.

ತಡವಾಗಿ ಓದುವುದರಲ್ಲಿ ಲಾಭವೂ ಇದೆ, ಬಾನು ಮುಷ್ತಾಕ್ ಅವರನ್ನೇ ನೋಡಿ. 2025ರ ಮೇ ತಿಂಗಳಲ್ಲಿ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ, ಅವರ ಒಂದು ಕತೆಯನ್ನೂ ಓದದವರು ಕೂಡ ಅಭಿಪ್ರಾಯ ಹೊಂದಿದ್ದರು. ಆ ಗದ್ದಲದಲ್ಲಿ ಪುಸ್ತಕ ಕೈಗೆತ್ತಿಕೊಂಡವನಿಗೆ ಕಾಣುವುದು ಪ್ರಶಸ್ತಿಯೇ ಹೊರತು ಕತೆಯಲ್ಲ. ದೀಪಾ ಭಾಸ್ತಿ ಅನುವಾದಿಸಿರುವ ಹನ್ನೆರಡು ಕತೆಗಳು ಮೂವತ್ತಕ್ಕೂ ಹೆಚ್ಚು ವರ್ಷಗಳ ಬರವಣಿಗೆಯಿಂದ ಆಯ್ದವು. ಇಂಗ್ಲಿಷಿನಲ್ಲಿ ಅವು ಒಂದೇ ಉಸಿರಿನಲ್ಲಿ ಬರೆದಂತೆ ಸಾಲಾಗಿ ನಿಂತಿವೆ. ಕನ್ನಡದಲ್ಲಿ ಹಾಗಲ್ಲ, ‘ಹೆಜ್ಜೆ ಮೂಡಿದ ಹಾದಿ’ ಸಂಕಲನಕ್ಕೂ ‘ಬೆಂಕಿ ಮಳೆ’ಗೂ ನಡುವೆ ಒಂದು ದಶಕವೇ ಇದೆ, ಆ ದಶಕದ ಬಂಡಾಯವಿದೆ, ಕೋರ್ಟು ಕಚೇರಿ ಕಂಡ ವಕೀಲೆಯ ಅನುಭವವಿದೆ. ನನ್ನ ಮಟ್ಟಿಗೆ ಬಾನು ಅವರ ಬಲ ಗಂಡಸರನ್ನು ಕಟಕಟೆಗೆ ನಿಲ್ಲಿಸುವುದರಲ್ಲಿಲ್ಲ, ಅದನ್ನು ಯಾರು ಬೇಕಾದರೂ ಮಾಡಿಯಾರು. ಸಂಕಟದ ನಟ್ಟನಡುವೆ ಅಡುಗೆಮನೆಯ ಹಾಸ್ಯವನ್ನು ಬಿಟ್ಟುಕೊಡದಿರುವುದರಲ್ಲಿದೆ. ಕೆಲವು ಕತೆಗಳ ಕೊನೆ ಮಾತ್ರ ತೀರ್ಪು ಓದಿದ ಹಾಗಿದೆ. ಬೂಕರ್ ಬಂದಿದೆಯೆಂದು ಅದನ್ನು ಹೇಳದಿರಬೇಕಿಲ್ಲ.

ವಸುಧೇಂದ್ರರ ಕಾದಂಬರಿ ‘ರೇಷ್ಮೆ ಬಟ್ಟೆ’ 2024ರದ್ದು. ನಾನು ಓದಿದ್ದು ತಡವಾಗಿ, ಆದರೆ ಸರಿಯಾದ ಜಾಗದಲ್ಲಿ. ಇಲ್ಲಿಂದ ದಕ್ಷಿಣಕ್ಕೆ ಎಪ್ಪತ್ತೆಂಬತ್ತು ಕಿಲೋಮೀಟರ್ ಹೋದರೆ ನರ್ಮದೆಯ ದಂಡೆಯ ಭರೂಚ್. ಗ್ರೀಕ್ ನಾವಿಕರ ಬಾಯಲ್ಲಿ ಅದು ಬ್ಯಾರಿಗಾಜಾ. ಚೀನಾದ ರೇಷ್ಮೆ ಬ್ಯಾಕ್ಟ್ರಿಯಾದ ಮೇಲೆ ಹಾದು ಈ ಬಂದರಿಗೆ ಇಳಿಯುತ್ತಿತ್ತೆಂದು ಕ್ರಿಸ್ತಶಕ ಒಂದನೇ ಶತಮಾನದ ‘ಪೆರಿಪ್ಲಸ್’ ಬರೆದಿಟ್ಟಿದೆ. ಕಾದಂಬರಿಯ ದೂರದ ರೇಷ್ಮೆ ದಾರಿಗೆ ಒಂದು ಕವಲು ನಮ್ಮ ಪಕ್ಕದಲ್ಲೇ ಇತ್ತು ಎಂದು ಗೊತ್ತಾದ ಮೇಲೆ ಪುಟಗಳು ಬೇರೆಯೇ ಆಗಿ ತೆರೆದವು. ಆದರೂ ಅವರದೇ ‘ತೇಜೋ ತುಂಗಭದ್ರಾ’ದ ಓದುಗನಾಗಿ ಒಂದು ತಕರಾರಿದೆ. ಅಲ್ಲಿ ಲಿಸ್ಬನ್ನೂ ವಿಜಯನಗರವೂ ಪಾತ್ರಗಳ ಕಾಲಿಗೆ ಅಂಟಿದ ಮಣ್ಣಾಗಿದ್ದವು. ಇಲ್ಲಿ ಲೇಖಕರು ಕಲೆಹಾಕಿದ ವಿವರ ಆಗಾಗ ಪಾತ್ರಗಳಿಗಿಂತ ಮುಂದೆ ನಡೆಯುತ್ತದೆ. ವಸುಧೇಂದ್ರ ಪಾತ್ರಗಳ ಜೊತೆ ಇನ್ನಷ್ಟು ಹೊತ್ತು ಸುಮ್ಮನೆ ಕೂರಬಹುದಿತ್ತು.

ಫತೇಗಂಜಿನ ಪಕ್ಕದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯಕ್ಕೂ ಕನ್ನಡ ಕಾದಂಬರಿಗೂ ಹಳೆಯ ನಂಟಿದೆ. ಎಸ್.ಎಲ್. ಭೈರಪ್ಪನವರ ‘ಸತ್ಯ ಮತ್ತು ಸೌಂದರ್ಯ’ದ ಸಂಶೋಧನೆಗೆ ಡಾಕ್ಟರೇಟ್ ಕೊಟ್ಟಿದ್ದು ಇದೇ ವಿಶ್ವವಿದ್ಯಾಲಯ, ಅರವತ್ತರ ದಶಕದಲ್ಲಿ ಅವರು ಪಾಠ ಹೇಳಿದ ವಲ್ಲಭ ವಿದ್ಯಾನಗರವೂ ಇಲ್ಲಿಗೆ ದೂರವಲ್ಲ. 2025ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ಓದುಗರಲ್ಲಿ ಅವರ ಪರ, ವಿರೋಧ ಎಂದು ಮತ್ತೆ ಎರಡು ಬಣಗಳಾದವು. ನಾನು ಆಗ ಏನನ್ನೂ ಓದಲಿಲ್ಲ. ಗಲಾಟೆ ಅಡಗಿದ ಮೇಲೆ ‘ಗೃಹಭಂಗ’ ತೆಗೆದೆ. ಅದರ ನಾಯಕಿ ನಂಜಮ್ಮನ ಮುಂದೆ ಪರವೂ ಇಲ್ಲ, ವಿರೋಧವೂ ಇಲ್ಲ. ‘ಆವರಣ’ದ ಭೈರಪ್ಪನವರಿಗೆ ಹೇಳಬೇಕಾದ್ದು ಮೊದಲೇ ಗೊತ್ತಿತ್ತು, ‘ಗೃಹಭಂಗ’ದವರಿಗೆ ಬರೆಯುತ್ತ ಬರೆಯುತ್ತ ಗೊತ್ತಾಗಿದೆ. ನನಗೆ ಎರಡನೆಯವರು ಸಾಕು.

ತಡವಾಗಿ ಓದುವುದನ್ನು ಹೊಗಳಲು ಈ ಊರು ಸೂಕ್ತವಲ್ಲ ಎನ್ನುವವರೂ ಇದ್ದಾರು. ಪುಸ್ತಕವನ್ನು ಓದುಗರ ಬಳಿಗೆ ಬೇಗ ಮುಟ್ಟಿಸಲು ಹೊರಟ ಊರಿದು. ಇಲ್ಲಿನ ಅರಸ ಸಯಾಜಿರಾವ್ 1910ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ಗ್ರಂಥಪಾಲಕನನ್ನು ಕರೆಸಿ ಸಂಸ್ಥಾನದ ಉದ್ದಗಲಕ್ಕೆ ಗ್ರಂಥಾಲಯಗಳನ್ನು ಕಟ್ಟಿಸಿದರು. ಹಳ್ಳಿಗಳಿಗೆ ಮರದ ಪೆಟ್ಟಿಗೆಗಳಲ್ಲಿ ಪುಸ್ತಕ ಹೋಗುತ್ತಿತ್ತು. ಮಾಂಡ್ವಿಯ ಕೇಂದ್ರ ಗ್ರಂಥಾಲಯದ ಕಟ್ಟಡ 1931ರದ್ದು. ಕಬ್ಬಿಣದ ಕಪಾಟುಗಳ ನಡುವೆ ಗಾಜಿನ ನೆಲ, ಮೇಲಿನ ಬೆಳಕು ಕೆಳಗಿನ ಅಂತಸ್ತಿಗೂ ಸಿಗಲೆಂದು. ಅದೇ 1931ರಲ್ಲಿ ಮದರಾಸಿನಲ್ಲಿ ಎಸ್.ಆರ್. ರಂಗನಾಥನ್ ಗ್ರಂಥಾಲಯದ ಐದು ಸೂತ್ರಗಳ ಪುಸ್ತಕ ತಂದರು. ಮುಂದೆ ಅವರು ಬೆಂಗಳೂರಿನವರೇ ಆದರು. ಓದುಗರ ಸಮಯ ಉಳಿಸಬೇಕೆಂಬುದು ಅವರ ನಾಲ್ಕನೆಯ ಸೂತ್ರ. ಮೊದಲ ಮೂರಕ್ಕೂ ಐದನೆಯದಕ್ಕೂ ಕೈಮುಗಿಯುತ್ತೇನೆ. ನಾಲ್ಕನೆಯದು ಕಪಾಟಿನಿಂದ ಪುಸ್ತಕ ತೆಗೆಯುವವರೆಗೆ ಸರಿ; ತೆಗೆದ ಮೇಲೆ ಸಮಯ ಉಳಿಸಿ ಏನು ಮಾಡೋಣ?

ಮುಂದಿನ ಕಟ್ಟಿನ ಪಟ್ಟಿಯಲ್ಲಿ ಕೆ.ವಿ. ನಾರಾಯಣರ ‘ನುಡಿಗಳ ಅಳಿವು’ ಇದೆ. ಅದಕ್ಕೆ 2024ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದು, ಸನ್ಮಾನದ ಶಾಲುಗಳನ್ನೆಲ್ಲ ಮಡಿಚಿಟ್ಟಾಗಿದೆ. ದೀಪಾವಳಿಗೆ ಧಾರವಾಡದಿಂದ ಬರುವವರಿದ್ದಾರೆ, ಚೀಲದಲ್ಲಿ ಜಾಗ ಕೇಳಿದ್ದೇನೆ.